ಡ್ರಾಯಿಂಗ್ ಪ್ರಕಾರ ಮೂವತ್ತನಾಲ್ಕು

ಆಯುಧಪೂಜೆ ಆಗಿ ಒಂಬತ್ತು ದಿನವಾಯಿತು. ಅಂದಿನಿಂದ ನಾನು ನಾಗಸಂದ್ರ ಮೆಟ್ರೋ ನಿಲ್ದಾಣಕ್ಕೆ ಮುಖ್ಯರಸ್ತೆಯಲ್ಲಿ ಹೋಗುತ್ತಿಲ್ಲ. ಪೌಡರ್ ಕೋಟಿಂಗ್ ಶೆಡ್ಡಿನ ಹಿಂದಿನ ಓಣಿಯಲ್ಲಿ, ಮೂಗು ಮುಚ್ಚಿಕೊಂಡು, ಅಲ್ಲಿನ ನಾಯಿಗಳ ಅನುಮತಿ ಪಡೆದು ಹೋಗುತ್ತೇನೆ. ಎಂಟು ನಿಮಿಷದ ದಾರಿ ಇಪ್ಪತ್ತೆರಡು ನಿಮಿಷವಾಗಿದೆ. ಆದರೆ ಆ ಓಣಿಯಲ್ಲಿ ಯಾರೂ ನನ್ನನ್ನು ನಿಲ್ಲಿಸಿ, "ಸಾರ್, ಸೊಂಟ ಎಷ್ಟು ಸಾರ್?" ಎಂದು ಕೇಳುವುದಿಲ್ಲ. ಮುಖ್ಯರಸ್ತೆಯಲ್ಲಿ ಟೀ ಅಂಗಡಿಯವನು ಕೇಳುತ್ತಾನೆ, ಹೂವಿನವಳು ಕೇಳುತ್ತಾಳೆ, ಮೊನ್ನೆ ಕಾರ್ಖಾನೆಗೆ ಕೊರಿಯರ್ ತಂದವನೂ ಸಹಿ ಹಾಕಿಸಿಕೊಂಡ ಮೇಲೆ ಕೇಳಿದ.

ನಡೆದದ್ದನ್ನು ನಾನೇ ಹೇಳಿಬಿಡುವುದು ವಾಸಿ. ಬೇರೆಯವರ ಬಾಯಲ್ಲಿ ಕೇಳಿದರೆ ಇನ್ನೆರಡು ಇಂಚು ಜಾಸ್ತಿಯಾಗಿರುತ್ತದೆ.

ನನ್ನ ಹೆಸರು ಭಾನುಪ್ರಕಾಶ್. ಪೀಣ್ಯ ಎರಡನೇ ಹಂತದ ಒಂದು ಗೇರ್ ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದ ಹಿರಿಯ. ಅಂದರೆ ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿ, "ರಿಜೆಕ್ಟ್" ಎಂದು ಅದಕ್ಕೆ ಕೆಂಪು ಬಣ್ಣ ಬಳಿಯುವ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಬಳಿಯುತ್ತಿದ್ದೇನೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಭಾನುಪ್ರಕಾಶ್ ಕಣ್ಣಿಗೆ ಬೀಳುತ್ತದೆ ಎಂಬುದು ಕಾರ್ಖಾನೆಯಲ್ಲಿ ನನಗಿರುವ ಕೀರ್ತಿ. (ಆ ಕೀರ್ತಿಯನ್ನು ಹಬ್ಬಿಸಿದವನು ನಾನೇ. ಇರಲಿ.)

ಇದೆಲ್ಲ ಶುರುವಾದದ್ದು ಪಂಚಾಕ್ಷರಿಯ ಶೆಡ್ಡಿನಲ್ಲಿ. ಪಂಚಾಕ್ಷರಿ ನಮ್ಮ ಕಾರ್ಖಾನೆಗೆ ಬ್ರಾಕೆಟ್ಟು, ಸ್ಟ್ಯಾಂಡು ಮಾಡಿಕೊಡುವ ವೆಲ್ಡರ್. ತುಮಕೂರು ಕಡೆಯವನು, ಸಣ್ಣ ಮೈ, ಕಡಿಮೆ ಮಾತು. ಹಿಂದೊಮ್ಮೆ ಅವನ ನಲವತ್ತು ಬ್ರಾಕೆಟ್ಟುಗಳನ್ನು ಒಂದು ಮಿಲಿಮೀಟರು ಹೆಚ್ಚಿದೆಯೆಂದು ನಾನು ವಾಪಸು ಕಳಿಸಿದ್ದೆ. "ಡ್ರಾಯಿಂಗಲ್ಲಿ ಏನಿದೆಯೋ ಅದೇ ಸತ್ಯ ಪಂಚಾಕ್ಷರಿ, ಉಳಿದದ್ದೆಲ್ಲ ಮಾಯೆ," ಎಂದು ಉಪದೇಶವನ್ನೂ ಮಾಡಿದ್ದೆ. ಅವನು ಆ ಮಾತನ್ನು ಮರೆಯಲಿಲ್ಲ. ಮರೆತಿದ್ದರೆ ನಾನು ಈಗ ಮುಖ್ಯರಸ್ತೆಯಲ್ಲಿ ನಡೆಯುತ್ತಿದ್ದೆ.

ಒಂದು ಭಾನುವಾರ ಅವನು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ. ಬೊಮ್ಮಸಂದ್ರದ ಆಚೆ ಹೊಸದಾಗಿ ಹಾಕಿದ ಟ್ರ್ಯಾಕಿನಲ್ಲಿ ಹವ್ಯಾಸಿಗಳಿಗೆ ಕಾರ್ ರೇಸ್. ಹಳೆಯ, ಅಗ್ಗದ ಕಾರನ್ನೇ ತರಬೇಕು. ತಂಡಕ್ಕೆ ಮೂವರು ಚಾಲಕರು, ಸರದಿಯ ಮೇಲೆ ಆರು ಗಂಟೆ ಓಡಿಸಬೇಕು.

"ಸ್ಪೀಡು ಮುಖ್ಯ ಅಲ್ವಂತೆ ಸಾರ್. ಕೆಟ್ಟು ನಿಲ್ದಂಗೆ ಕೊನೇಗಂಟ ತಡ್ಕೊಂಡ್ರೆ ಸಾಕಂತೆ," ಎಂದ.

ಮದುವೆಯಾಗಿ ಇಪ್ಪತ್ತೇಳು ವರ್ಷವಾದ ನನಗೆ ತಡೆದುಕೊಳ್ಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಪಂಚಾಕ್ಷರಿ ಒಬ್ಬ, ಸಿಟಿ ಬಸ್ಸು ಓಡಿಸುವ ನಮ್ಮ ಕಡ್ಡಿ ಮೈಯ ಗೆಳೆಯ ಪುಟ್ಟಣ್ಣ ಇನ್ನೊಬ್ಬ, ನಾನು ಮೂರನೆಯವನು. ತಂಡ ಅಲ್ಲೇ ತಯಾರಾಯಿತು. ಕಾರು ಯಾರದು ಎಂಬ ಪ್ರಶ್ನೆ ಬಂದಾಗ ಇಬ್ಬರೂ ನನ್ನ ಮುಖ ನೋಡಿದರು.

ನಮ್ಮ ಮನೆಯ ಮುಂದೆ ಒಂದು ನೀಲಿ ಬಣ್ಣದ ಪುಟ್ಟ ಕಾರಿದೆ. ವಯಸ್ಸು ಇಪ್ಪತ್ತೆಂಟು. ಅದು ನನ್ನದಲ್ಲ, ನನ್ನ ಹೆಂಡತಿ ವತ್ಸಲಾಳದು. ಅವಳ ತಂದೆ ಪಾಪಯ್ಯನವರು ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದಾಗ ಕೊಂಡದ್ದು. ಮಾವನವರು ನಮ್ಮ ಜೊತೆಗೇ ಇದ್ದಾರೆ. ನಾನು ಅಪ್ರೆಂಟಿಸ್ ಆಗಿದ್ದಾಗ ಅವರ ಕೈಕೆಳಗೇ ಕೆಲಸ ಕಲಿತವನು. ಹಾಗಾಗಿ ನನಗೆ ಮೊದಲು ಸಿಕ್ಕಿದ್ದು ಅವರ ಭಯ, ಆಮೇಲೆ ಅವರ ಮಗಳು. ಎಪ್ಪತ್ತೈದು ದಾಟಿ ಕಾರು ಬಿಟ್ಟ ದಿನ ಅವರು ಕೀಲಿಯನ್ನು ನನ್ನ ಕೈಗೆ ಕೊಡದೆ ಮಗಳ ಕೈಗೆ ಕೊಟ್ಟರು.

ವತ್ಸಲಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಹೆಂಗಸರು ಗೇಟು ತೆಗೆದು ಒಳಗೆ ಬರುವಷ್ಟರಲ್ಲಿ ಅವಳ ತಲೆಯಲ್ಲಿ ಅಳತೆ ಬರೆದಾಗಿರುತ್ತದೆ. ಲೈನಿಂಗ್ ಬಟ್ಟೆಯ ಮೂಟೆಗಳನ್ನು ಚಿಕ್ಕಪೇಟೆಯಿಂದ ಬಸ್ಸಿನಲ್ಲಿ ಹೊತ್ತು ತರುವುದು ಕಷ್ಟವೆಂದು ಡ್ರೈವಿಂಗ್ ಕಲಿತಳು. ಮೊದಲನೇ ಸಲಕ್ಕೇ ಲೈಸೆನ್ಸು ಬಂತು. (ನನಗೆ ಮೂರನೇ ಸಲಕ್ಕೆ ಬಂದಿತ್ತು. ಆ ಕಾಲದಲ್ಲಿ ಪರೀಕ್ಷೆ ಕಠಿಣವಿತ್ತು.) ಆದರೆ ಆರು ವರ್ಷದಿಂದ ನಾನು ಅವಳಿಗೆ ಗೇಟು ದಾಟಿಸಲು ಬಿಟ್ಟಿರಲಿಲ್ಲ. "ಗಾಡಿ ಓಡಿಸೋಕೆ ಅಂದಾಜು ಬೇಕು ಕಣೇ. ನಿನಗೆ ಅಂದಾಜು ಸಾಲದು," ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ.

ರೇಸಿನ ವಿಷಯ ತೆಗೆದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು.

"ಯಾರು ಓಡಿಸೋದು?"

"ನಾನು. ಮುಖ್ಯ ಚಾಲಕ ನಾನೇ."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಡುವೆ ಒಂದು ಕಡೆ ದೃಷ್ಟಿ ಸ್ವಲ್ಪ ಹೊತ್ತು ನಿಂತಿತು.

"ಸರಿ, ತಗೊಂಡ್ಹೋಗಿ. ಆದ್ರೆ ರೇಸ್ ಮುಗಿದ ಮೇಲೆ ಗಾಡಿ ಹೇಗಿದ್ರೂ ಸರಿ, ಚಿಕ್ಕಪೇಟೆಗೆ ನಾನೇ ಓಡಿಸ್ಕೊಂಡು ಹೋಗ್ತೀನಿ. ನೀವು ಅಡ್ಡ ಬರೋ ಹಾಗಿಲ್ಲ."

"ಅದಕ್ಕೆ ಅಂದಾಜು..."

"ಆ ಮಾತು ಇನ್ನೊಂದ್ಸಲ ಬಂದ್ರೆ ಕೀ ಇಲ್ಲೇ ಮೊಳೆಗೆ ನೇತಾಡ್ತಿರುತ್ತೆ ನೋಡಿ."

ಒಪ್ಪಿಕೊಂಡೆ. ಆರು ಗಂಟೆ ಓಡಿದ ಮೇಲೆ ಕಾರು ಅನ್ನುವುದು ಉಳಿದಿದ್ದರೆ ತಾನೇ ಓಡಿಸುವುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಈಗ ಹೇಳುವಾಗ ನಾಚಿಕೆಯಾಗುತ್ತಿದೆ.

ಕಾರನ್ನು ಪಂಚಾಕ್ಷರಿಯ ಶೆಡ್ಡಿಗೆ ನಾನೇ ಓಡಿಸಿಕೊಂಡು ಹೋದೆ. ಶೆಡ್ಡಿನ ಗೇಟು ಇಕ್ಕಟ್ಟು. ಎಡಗಡೆಯ ಕಲ್ಲುಕಂಬಕ್ಕೆ ಕಾರಿನ ಬಾಗಿಲು ಉದ್ದಕ್ಕೂ ಉಜ್ಜಿ, ಕಂಬಕ್ಕೆ ಒಂದು ಅಡಿ ನೀಲಿ ಬಣ್ಣ ಅಂಟಿತು.

"ಈ ಕಂಬ ಯಾವಾಗ ಹಾಕಿಸಿದ್ದು ಪಂಚಾಕ್ಷರಿ?" ಎಂದೆ ಗದರಿಸುವ ದನಿಯಲ್ಲಿ.

"ಮೊದ್ಲಿಂದ್ಲೂ ಅಲ್ಲೇ ಐತೆ ಸಾರ್," ಎಂದ ಅವನು ತಣ್ಣಗೆ.

ರೇಸಿನ ಕಾರು ಹಗುರವಾಗಿರಬೇಕು. ಹಾಗಾಗಿ ಬಿಚ್ಚುವ ಮಹಾಯಜ್ಞ ಆರಂಭವಾಯಿತು. ಚಾಲಕನದೊಂದು ಬಿಟ್ಟು ಉಳಿದ ಸೀಟು, ರತ್ನಗಂಬಳಿ (ಮಾವನವರು ಕಾರಿನಲ್ಲಿ ಹಾಸಿದ್ದ ಮ್ಯಾಟಿಗೆ ನಾನಿಟ್ಟ ಹೆಸರು), ರೇಡಿಯೊ, ಗಾಜು, ಬಾಗಿಲ ಒಳಗಿನ ಹಲಗೆ, ಎಲ್ಲವನ್ನೂ ಕಿತ್ತೆವು. ಕಿತ್ತ ಒಂದೊಂದನ್ನೂ ಗುಜರಿಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದೆ. ಒಟ್ಟು ಎಂಬತ್ತೊಂದು ಕಿಲೋ. ಹಿಂದಿನ ಸೀಟು ಬೆಲ್ಟಿನ ಸಮೇತ ಮನೆಗೆ ಬಂದು ಹಾಲಿನಲ್ಲಿ ಸೋಫಾ ಆಯಿತು. ಮಾವನವರು ಅದರ ಮೇಲೆ ಕುಳಿತು, ಅಭ್ಯಾಸಬಲದಿಂದ ಬೆಲ್ಟು ಹಾಕಿಕೊಂಡು ಪೇಪರು ಓದತೊಡಗಿದರು.

"ಗಾಡಿಯಿಂದ ಎಂಬತ್ತೊಂದು ಕಿಲೋ ಇಳಿಸಿದೆ," ಎಂದು ಊಟದ ಹೊತ್ತಿಗೆ ಘೋಷಿಸಿದೆ.

"ಡ್ರೈವರಿಂದ?" ಎಂದಳು ವತ್ಸಲಾ, ಮೂರನೇ ಮುದ್ದೆ ಬಡಿಸುತ್ತಾ.

ಈ ಬಗೆಯ ಮಾತುಗಳನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಏಕೆಂದರೆ ನನ್ನ ಸೊಂಟ ಮೂವತ್ತನಾಲ್ಕು ಇಂಚು. ಇದಕ್ಕೆ ದಾಖಲೆಯಿದೆ. ನಮ್ಮ ಕಾರ್ಖಾನೆಯಲ್ಲಿ ವರ್ಷಕ್ಕೆ ಎರಡು ಜೊತೆ ಯೂನಿಫಾರಂ ಹೊಲಿಸಿಕೊಡುತ್ತಾರೆ. ದರ್ಜಿಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸೇರಿದ ವರ್ಷದಿಂದ ಇಂದಿನವರೆಗೂ ಮೂವತ್ತನಾಲ್ಕು ಎಂದೇ ಇದೆ. ಅವನು ಟೇಪು ತೆಗೆದರೆ ನಾನು, "ಹಳೇ ಅಳತೇನೇ ಇರ್ಲಿ," ಎನ್ನುತ್ತೇನೆ. ಹೊಸ ಪ್ಯಾಂಟು ಬಂದ ದಿನ ಸ್ವಲ್ಪ ಬಿಗಿಯಿರುತ್ತದೆ, ಒಂದು ಸಲ ಮನೆಯಲ್ಲಿ ಒಗೆದ ಮೇಲೆ ಸರಿಹೋಗುತ್ತದೆ. ಬೇರೆಯವರ ಬಟ್ಟೆ ಒಗೆದರೆ ಕುಗ್ಗುತ್ತದೆ, ನನ್ನದು ಹಿಗ್ಗುತ್ತದೆ. ಕಾರ್ಖಾನೆ ಬಟ್ಟೆಯ ಗುಣಮಟ್ಟ ಎಂದುಕೊಂಡಿದ್ದೆ.

ಮುಂದಿನ ಕೆಲಸ ಪಂಜರ. ಕಾರು ಮಗುಚಿದರೆ ಒಳಗಿನವನು ಜಜ್ಜಿಹೋಗದಂತೆ ಕಬ್ಬಿಣದ ಪೈಪುಗಳನ್ನು ಒಳಗೇ ಪಂಜರದ ಹಾಗೆ ಬೆಸೆಯಬೇಕು ಎಂಬುದು ರೇಸಿನ ನಿಯಮ. ಬಾಗಿಲಿಗೂ ಅಡ್ಡ ಪೈಪು ಬರುತ್ತದೆ. ಚಾಲಕ ಕಿಟಕಿಯ ಸಂದಿನಲ್ಲಿ ತೂರಿಯೇ ಒಳಗಿಳಿಯಬೇಕು. ನಾನು ಒಂದು ವಾರ ಕೂತು ಡ್ರಾಯಿಂಗ್ ಬರೆದೆ. ಸುತ್ತಳತೆ ಮೂವತ್ತನಾಲ್ಕಾದರೆ ಅಡ್ಡಗಲ ಹನ್ನೊಂದರ ಒಳಗೇ ಎಂದು ಲೆಕ್ಕ ಹಾಕಿ, 'ಚಾಲಕನ ಸೊಂಟ: 34 ಇಂಚು. ಪೈಪುಗಳ ನಡುವಿನ ಸಂದು: 11 ಇಂಚು' ಎಂದು ಬರೆದು, ಕೆಳಗಿನ ಮೂರು ಚೌಕದಲ್ಲೂ ಸಹಿ ಮಾಡಿ ಪಂಚಾಕ್ಷರಿಗೆ ಕೊಟ್ಟೆ.

ಅವನು ಡ್ರಾಯಿಂಗ್ ನೋಡಿದ. ನನ್ನ ಹೊಟ್ಟೆ ನೋಡಿದ. ಮತ್ತೆ ಡ್ರಾಯಿಂಗ್ ನೋಡಿದ.

"ಸಾರ್, ಒಂದ್ಸಲ ಟೇಪ್ ಹಿಡ್ದು ನೋಡ್ಬಿಡಾನಾ?"

"ಪಂಚಾಕ್ಷರಿ, ನಿನಗೆ ನಾನು ಏನು ಹೇಳಿದ್ದೆ?"

"ಡ್ರಾಯಿಂಗೇ ಸತ್ಯ ಅಂದಿದ್ರಿ."

"ಮಾಡು ಹಾಗಾದರೆ."

ಅವನು ಡ್ರಾಯಿಂಗಿಗೆ ಲ್ಯಾಮಿನೇಷನ್ ಮಾಡಿಸಿ ಶೆಡ್ಡಿನ ಗೋಡೆಗೆ ತೂಗುಹಾಕಿಕೊಂಡು, ಕೂದಲೆಳೆಯಷ್ಟೂ ತಪ್ಪದಂತೆ ಬೆಸೆದ. ಬಣ್ಣವೂ ಆಯಿತು. ರೇಸಿಗೆ ಕತ್ತಿನಿಂದ ಕಾಲಿನವರೆಗೆ ಒಂದೇ ಆಗಿ ಹೊಲಿದ ದಪ್ಪ ಹತ್ತಿಯ ಬಾಯ್ಲರ್ ಸೂಟು ಕಡ್ಡಾಯ, ಅದನ್ನೂ ಕಾರ್ಖಾನೆಯ ದರ್ಜಿಯಿಂದಲೇ ಹಳೇ ಅಳತೆಗೆ ಹೊಲಿಸಿದೆ. ಬಂದ ದಿನ ಗುಂಡಿ ಕೂಡಲಿಲ್ಲ, ಎರಡು ದಿನದ ಮೇಲೆ ಕೂಡಿತು. ಇಷ್ಟೆಲ್ಲ ಆದ ಮೇಲೆ ಒಮ್ಮೆ ಕಾರಿನೊಳಗೆ ಕೂತು ನೋಡಬಹುದಿತ್ತು. ಪುಟ್ಟಣ್ಣ ಹೇಳಿಯೂ ಹೇಳಿದ. ಆದರೆ ಪೂಜೆಯಾಗದ ಗಾಡಿಯಲ್ಲಿ ಯಾರೂ ಕೂರಬಾರದು, ಆಯುಧಪೂಜೆಯ ದಿನ ಎಲ್ಲರೆದುರು ಮೊದಲು ನಾನೇ ಏರುವುದು ಎಂದು ನಾನೇ ಕಾನೂನು ಮಾಡಿಬಿಟ್ಟಿದ್ದೆ.

ಆಯುಧಪೂಜೆಯ ದಿನ ಪೀಣ್ಯದಲ್ಲಿ ಲೇತು, ಡ್ರಿಲ್ಲು, ಕೊನೆಗೆ ಸ್ಪ್ಯಾನರಿಗೂ ಚೆಂಡುಹೂವಿನ ಭಾಗ್ಯವಿರುತ್ತದೆ. ಪಂಚಾಕ್ಷರಿಯ ಶೆಡ್ಡಿಗೆ ಬಾಳೆಕಂದು ಕಟ್ಟಿದ್ದರು. ಅಕ್ಕಪಕ್ಕದ ಶೆಡ್ಡಿನವರು, ಟೀ ಅಂಗಡಿಯವನು, ಹೂವಿನವಳು, ನಮ್ಮ ಕಾರ್ಖಾನೆಯವರು, ಎಲ್ಲರೂ ಪುರಿ, ಖಾರಾಬೂಂದಿಯ ಪೊಟ್ಟಣ ಹಿಡಿದು ನೆರೆದಿದ್ದರು. ಅವರನ್ನೆಲ್ಲ ಖುದ್ದಾಗಿ ಕರೆದಿದ್ದವನು ನಾನು. ವತ್ಸಲಾ ತಂದೆಯನ್ನು ಆಟೋದಲ್ಲಿ ಕರೆತಂದಿದ್ದಳು. ಪುಟ್ಟಣ್ಣನಿಗೆ ಮಾತ್ರ ಬಸ್ ಡ್ಯೂಟಿ.

ಅರ್ಚಕರು ಮಂಗಳಾರತಿ ಮಾಡಿ, ನಾಲ್ಕು ಚಕ್ರದಡಿಯಲ್ಲೂ ನಿಂಬೆಹಣ್ಣು ಇಡಿಸಿದರು. "ಬೇಗ ಹತ್ತಿ ಮುಂದಕ್ಕೆ ತಗೊಳ್ಳಿ. ಇನ್ನೂ ಹನ್ನೊಂದು ಶೆಡ್ ಇದೆ ನಂಗೆ," ಎಂದರು.

ನಾನು ಬಾಯ್ಲರ್ ಸೂಟಿನಲ್ಲಿ, ಹೆಲ್ಮೆಟು ಕಂಕುಳಲ್ಲಿಟ್ಟುಕೊಂಡು ಗಂಭೀರವಾಗಿ ನಡೆದು ಬಂದೆ. ಚಪ್ಪಾಳೆ ಬಿತ್ತು. ಹೆಲ್ಮೆಟನ್ನು ಪಂಚಾಕ್ಷರಿಗೆ ಕೊಟ್ಟು ಎರಡೂ ಕಾಲು ಕಿಟಕಿಯೊಳಗೆ ಇಳಿಬಿಟ್ಟೆ. ತೊಡೆ ಇಳಿಯಿತು. ಆಮೇಲೆ ಇಳಿಯಲಿಲ್ಲ. ಉಸಿರು ಬಿಟ್ಟು ಜಾರಿದೆ. ಒಂದು ಇಂಚು ಇಳಿದು ಪೂರ್ತಿ ಸಿಕ್ಕಿಕೊಂಡೆ. ಮೇಲಕ್ಕೆ ಬರೋಣವೆಂದರೆ ಸೂಟಿನ ಬಟ್ಟೆ ಹಿಂದುಗಡೆ ಎಲ್ಲೋ ಹಿಡಿದುಕೊಂಡಿತ್ತು.

"ಪಂಚಾಕ್ಷರಿ, ಹಿಂದೆ ಏನದು?"

"ಕಿಟ್ಕಿಗೆ ಬಲೆ ನೇತಾಕೋ ಕೊಕ್ಕೆ ಸಾರ್. ಡ್ರಾಯಿಂಗಲ್ಲೈತೆ."

ಅರ್ಧ ಒಳಗೆ, ಅರ್ಧ ಹೊರಗೆ. ಮೊದಮೊದಲು ಜನ ಇದೂ ಪೂಜೆಯ ಒಂದು ಭಾಗವೆಂದುಕೊಂಡರು. ಆಮೇಲೆ ಯಾರೋ ಕಿಸಕ್ಕೆಂದರು. ನಮ್ಮ ಕಾರ್ಖಾನೆಯವರು ಪುರಿ ತಿನ್ನುವುದನ್ನು ನಿಲ್ಲಿಸಿ ಫೋನು ತೆಗೆದರು. ಅರ್ಚಕರು ವಾಹನಕ್ಕೆಲ್ಲ ಕುಂಕುಮವಿಟ್ಟು ಬರುತ್ತಿದ್ದವರು ನನ್ನ ಬಳಿ ಕ್ಷಣ ಯೋಚಿಸಿ, ನಾನೂ ವಾಹನದ ಭಾಗವೇ ಎಂದು ತೀರ್ಮಾನಿಸಿ ನನ್ನ ಹಣೆಗೂ ದೊಡ್ಡದಾಗಿ ಕೆಂಪಗೆ ಬಳಿದರು.

ಅಷ್ಟರಲ್ಲಿ ಮಾವನವರ ಕೋಲಿನ ಸದ್ದು ಕೇಳಿತು.

"ಡ್ರಾಯಿಂಗ್ ಎಲ್ಲಿ?"

ಪಂಚಾಕ್ಷರಿ ಗೋಡೆಯಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಮಾವನವರು ಕನ್ನಡಕ ಏರಿಸಿ, ಯಂತ್ರದ ಸದ್ದಿನ ನಡುವೆ ಮಾತಾಡಿ ರೂಢಿಯಾದ ಅದೇ ಏರುದನಿಯಲ್ಲಿ ಓದಿದರು. "ಬರೆದಿದ್ದು, ಭಾನುಪ್ರಕಾಶ್. ಚೆಕ್ ಮಾಡಿದ್ದು, ಭಾನುಪ್ರಕಾಶ್. ಒಪ್ಪಿಗೆ ಕೊಟ್ಟಿದ್ದು, ಭಾನುಪ್ರಕಾಶ್. ಏನ್ರೀ ಇದು, ಮೂರೂ ನೀವೇನಾ?"

"ಹೌದು ಮಾವ."

"ನಾನು ನಿಮಗೆ ಏನು ಹೇಳ್ಕೊಟ್ಟಿದ್ದೆ?"

"ಬರೆದವನು ಚೆಕ್ ಮಾಡಬಾರದು ಅಂತ," ಎಂದೆ, ಕಿಟಕಿಯಿಂದ ನೇತಾಡುತ್ತಲೇ.

ಅವರು ಟೇಪು ತರಿಸಿದರು. ಪಂಜರದ ಸಂದು ಅಳೆದು, "ಹನ್ನೊಂದು. ಕರೆಕ್ಟಾಗಿದೆ," ಎಂದರು. ಪಂಚಾಕ್ಷರಿಯ ಮುಖದಿಂದ ನಲವತ್ತು ಬ್ರಾಕೆಟ್ಟಿನ ನೋವು ಆ ಕ್ಷಣಕ್ಕೆ ಇಳಿದುಹೋಯಿತು. ಆಮೇಲೆ ಅದೇ ಟೇಪು ನನ್ನನ್ನು ಸುತ್ತಿ ಬಂತು. ಕಾರ್ಖಾನೆಯವರೂ ಟೀ ಅಂಗಡಿಯವನೂ ಉಸಿರು ಹಿಡಿದು ನಿಂತಿದ್ದರು. ನಾನೂ ಹಿಡಿದಿದ್ದೆ, ಪ್ರಯೋಜನವಾಗಲಿಲ್ಲ.

"ನಲವತ್ತಮೂರೂವರೆ," ಎಂದು ಇಡೀ ಎರಡನೇ ಹಂತಕ್ಕೆ ಕೇಳುವಂತೆ ಓದಿದರು ಮಾವನವರು. ಟೇಪು ಸುತ್ತಿಟ್ಟು ಪಂಚಾಕ್ಷರಿಯ ಬೆನ್ನು ತಟ್ಟಿದರು. "ಕೆಲಸ ಓಕೆ. ಪೀಸ್ ರಿಜೆಕ್ಟ್."

ಆಗ ಎದ್ದ ನಗುವಿನಲ್ಲಿ ಅರ್ಚಕರ ದನಿಯೂ ಇತ್ತು. ಇಪ್ಪತ್ತೊಂಬತ್ತು ವರ್ಷ ನಾನು ಯಾರ್‍ಯಾರ ಕೆಲಸಕ್ಕೆ ಕೆಂಪು ಬಳಿದಿದ್ದೆನೋ ಅವರೆಲ್ಲ ನನ್ನ ಹಣೆಯನ್ನೇ ನೋಡಿ ನಗುತ್ತಿದ್ದ ಹಾಗಿತ್ತು. ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ಬಿಟ್ಟರೂ ಪ್ರಯೋಜನವಿರಲಿಲ್ಲ, ನಾನು ಕಿಟಕಿಯಿಂದ ಬೀಳುವಂತಿರಲಿಲ್ಲ.

ನಗದೇ ಇದ್ದವಳು ಒಬ್ಬಳೇ. ವತ್ಸಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರ್ಸಿನಿಂದ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ತೆಗೆದುಕೊಂಡು ಬಂದಳು.

"ಅಲ್ಲಾಡ್ಬೇಡಿ," ಎಂದು ನೇರವಾಗಿ ನನ್ನ ಎಡ ಪಕ್ಕೆಗೆ ಕೈ ಹಾಕಿದಳು. ಹುಡುಕಲಿಲ್ಲ, ತಡಕಾಡಲಿಲ್ಲ. ನಾಲ್ಕು ಹೊಲಿಗೆ ಕತ್ತರಿಸಿ ಎಳೆದಳು. ಕಂಕುಳಿಂದ ಸೊಂಟದವರೆಗೆ ಒಂದು ಅಗಲವಾದ ಪಟ್ಟಿ ಬಿಚ್ಚಿ ಬಂತು. ಬಾಯ್ಲರ್ ಸೂಟಿನ ನೀಲಿಗೂ ಅದಕ್ಕೂ ಅಷ್ಟಾಗಿ ಹೊಂದಿಕೆಯಿರಲಿಲ್ಲ. ಅವಳ ಹಳೆಯ ಲಂಗದ ಬಟ್ಟೆ ಎಂದು ಗುರುತು ಹತ್ತಿತು. ಬಲ ಪಕ್ಕೆಯಲ್ಲೂ ಅಂಥದೇ ಒಂದಿತ್ತು, ಅದನ್ನೂ ಬಿಚ್ಚಿದಳು. ಕೊಕ್ಕೆಗೆ ಸಿಕ್ಕಿದ್ದು ಈ ಪಟ್ಟಿಯೇ.

"ಇದು ಯಾವಾಗ ಹಾಕಿದ್ದು?" ಎಂದೆ ಮೆಲ್ಲಗೆ.

"ಹೋದ ವಾರ."

"ಪ್ಯಾಂಟಿಗೆಲ್ಲ?"

"ಇಪ್ಪತ್ತೆರಡು ವರ್ಷದಿಂದ." ಅವಳೂ ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು. "ಮೂವತ್ನಾಕು ಅಂತ ಅಷ್ಟು ಗತ್ತಿನಿಂದ ಓಡಾಡ್ತಿದ್ರಿ. ಯಾಕೆ ಕೆಡಿಸೋದು ಅಂತ ಸುಮ್ನಿದ್ದೆ. ಈಗ ಉಸಿರು ಪೂರ್ತಿ ಬಿಡಿ."

ಉಸಿರು ಬಿಟ್ಟೆ. ಪಂಚಾಕ್ಷರಿ ಎಳೆದ. ಹೊರಗೆ ಬಂದು ನಿಂತವನಿಗೆ ತಲೆ ಎತ್ತಲಾಗಲಿಲ್ಲ. ಹೊಟ್ಟೆಯ ನಾಚಿಕೆ ದೊಡ್ಡದಲ್ಲ, ಅದು ಎಲ್ಲರಿಗೂ ಮೊದಲೇ ಕಾಣುತ್ತಿತ್ತು. ಒಗೆದರೆ ಹಿಗ್ಗುವ ಬಟ್ಟೆ ಪ್ರಪಂಚದಲ್ಲಿ ಎಲ್ಲೂ ಇಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದುಕೊಳ್ಳಲು ಹೋಗಲಿಲ್ಲ, ಅಷ್ಟೇ. ಟೇಪು ಮುಟ್ಟದೆ ವರ್ಷವರ್ಷವೂ ನನ್ನ ಅಳತೆಯನ್ನು ಸರಿಯಾಗಿ ಹಿಡಿದು, ಸದ್ದಿಲ್ಲದೆ ನನ್ನ ಮಾನ ಮುಚ್ಚಿದವಳಿಗೆ ನಾನು ಆರು ವರ್ಷದಿಂದ ಹೇಳುತ್ತಿದ್ದದ್ದು, ನಿನಗೆ ಅಂದಾಜು ಸಾಲದು ಎಂದು.

"ಯಾರಾದ್ರೂ ಹತ್ರಪ್ಪಾ, ನಿಂಬೆಹಣ್ಣು ಒಣಗ್ತಾ ಇದೆ," ಎಂದರು ಅರ್ಚಕರು.

ಪಂಚಾಕ್ಷರಿಯ ಕೈಯಲ್ಲಿ ಒಡೆಯಬೇಕಾದ ಬೂದುಗುಂಬಳಕಾಯಿ ಇತ್ತು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಾಗ ವತ್ಸಲಾ ಚಪ್ಪಲಿ ಬಿಟ್ಟು, ಕಿಟಕಿಯ ಪೈಪು ಹಿಡಿದು, ಸೀರೆ ಒತ್ತಿಕೊಂಡು ಒಳಗೆ ಇಳಿದೇಬಿಟ್ಟಳು. ಹನ್ನೊಂದು ಇಂಚಿನಲ್ಲಿ ಇನ್ನೂ ಜಾಗ ಉಳಿದಿತ್ತು. ಕಾರು ಚಾಲೂ ಆಯಿತು. ನಾಲ್ಕು ನಿಂಬೆಹಣ್ಣು ಪಚಕ್ಕೆಂದವು. ಕಾರು ನೇರ ಗೇಟಿನತ್ತ ಹೊರಟಿತು.

"ಕಂಬ, ಕಂಬ ನೋಡ್ಕೋ," ಎಂದು ನಾನು ಬಿಚ್ಚಿದ ಪಕ್ಕೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿದೆ.

ಅವಳು ಗೇಟಿನ ಸರಿ ಮಧ್ಯದಲ್ಲಿ ಒಂದು ಕ್ಷಣ ನಿಲ್ಲಿಸಿ, ನನ್ನತ್ತ ಒಮ್ಮೆ ನೋಡಿ, ಮುಂದಕ್ಕೆ ಹೋದಳು. ನಿಂತಾಗ ಪಂಚಾಕ್ಷರಿ ಬಗ್ಗಿ ಎರಡೂ ಕಂಬದ ಬಳಿ ಬೆರಳಿಟ್ಟು ನೋಡಿದ್ದ.

"ಎರಡೂ ಕಡೆ ನಾಕ್ನಾಕು ಬೆಳ್ಳು ಸಾರ್. ಸಮ ಐತೆ," ಎಂದ.

ಬರುತ್ತಾಳೆಂದು ಎಲ್ಲರೂ ಕಾದೆವು. ಅರ್ಧ ಗಂಟೆಯ ಮೇಲೆ ಬಂದಳು. ಸೀಟಿಲ್ಲದ ಹಿಂಭಾಗದಲ್ಲಿ ದಾಸರಹಳ್ಳಿಯಿಂದ ತಂದ ಲೈನಿಂಗ್ ಬಟ್ಟೆಯ ಎರಡು ಮೂಟೆ ಇದ್ದವು. ಹಬ್ಬದ ದಿನ ಪೂಜೆ ಮುಗಿಸಿ ಅಂಗಡಿ ತೆಗೆದಿದ್ದರಂತೆ.

ಪಂಜರವನ್ನು ಕತ್ತರಿಸಿ ಸಂದು ದೊಡ್ಡದು ಮಾಡೋಣವೇ ಎಂದು ಪಂಚಾಕ್ಷರಿಯನ್ನು ಗುಟ್ಟಾಗಿ ಕೇಳಿದೆ. "ಒಂದ್ಸಲ ಕತ್ತರಿಸಿದ್ರೆ ಪೈಪು ಸತ್ವ ಕಳ್ಕೊಂತದೆ ಸಾರ್. ಫೋರ್‌ಮನ್ ಸಾರೂ ಬೇಡ ಅಂದವ್ರೆ," ಎಂದ. ಅವನಿಗೆ ಈಗ ಮೇಲಧಿಕಾರಿ ಬದಲಾಗಿದ್ದಾರೆ.

ರೇಸು ಬರುವ ಭಾನುವಾರ. ಹೆಸರು ಕೊಡಲು ನಿನ್ನೆ ಸಂಜೆ ಕೊನೆಯ ಗಡುವು. ವತ್ಸಲಾ ಹಾಲಿನಲ್ಲಿ ಕೂತು ಫಾರಂ ತುಂಬಿಸುತ್ತಿದ್ದಳು. ಚಾಲಕರು: ವತ್ಸಲಾ, ಪುಟ್ಟಣ್ಣ, ಪಂಚಾಕ್ಷರಿ. ಸಹಾಯಕ, ಅಂದರೆ ಬೆಂಕಿ ನಂದಿಸುವ ಸಿಲಿಂಡರು ಹಿಡಿದು ಬಿಸಿಲಿನಲ್ಲಿ ನಿಲ್ಲುವವನು: ಭಾನುಪ್ರಕಾಶ್. ಸಹಾಯಕನಿಗೆ ರೇಸಿನವರೇ ಒಂದು ಟೀ ಶರ್ಟು ಕೊಡುತ್ತಾರಂತೆ.

"ನಿಮ್ಮ ಅಳತೆ ಕೇಳ್ತಿದ್ದಾರೆ ಕಣ್ರೀ. ಏನಂತ ಬರೀಲಿ?"

ಹಳೇ ಅಳತೇನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ನಿನ್ನ ಅಂದಾಜಿಗೆ ಬಿಟ್ಟಿದ್ದೀನಿ. ನೀನೇ ಬರಿ," ಎಂದೆ.

ಅವಳು ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು. ಹೊಟ್ಟೆ ನೋಡಲಿಲ್ಲ. ಆಮೇಲೆ ತಲೆ ತಗ್ಗಿಸಿ ಏನೋ ಬರೆದಳು. ಕಾರಿನ ಸೀಟಿನ ಮೇಲೆ ಬೆಲ್ಟು ಹಾಕಿಕೊಂಡು ಕೂತಿದ್ದ ಮಾವನವರು ಕೈ ಚಾಚಿ ಫಾರಂ ಇಸಿದುಕೊಂಡು, ಅವಳು ಬರೆದದ್ದನ್ನು ಓದಿ, ನನ್ನನ್ನು ಒಮ್ಮೆ ನೋಡಿ, ಕೆಳಗೆ ಸಹಿ ಹಾಕಿದರು. ನಾನೂ ಜೇಬಿನಿಂದ ಪೆನ್ನು ತೆಗೆದೆ.

"ನೀವು ಯಾಕ್ರೀ?" ಎಂದರು ಅವರು. "ಬರೆದೋಳು ಅವಳು, ಚೆಕ್ ಮಾಡಿದೋನು ನಾನು. ಪೀಸು ಸಹಿ ಹಾಕಲ್ಲ."